ಗಣಕದ ಪರದೆಯಲ್ಲಿ ಬೆಳಕಿಂಡಿ

ವಿಮರ್ಶೆಯೆಂದರೆ ಕಥೆ, ಕವಿತೆ, ನಾಟಕಗಳಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಮನುಷ್ಯನ ಬುದ್ಧಿಯಿಂದ ಹುಟ್ಟಿ ಮನುಷ್ಯನ ಬಾಳುವೆಯನ್ನು ಬದಲಿಸುವ ಯಾವ ವಸ್ತುವಾದರೂ ವಿಮರ್ಶೆಗೆ ಒಳಪಡಬೇಕಾದದ್ದೇ. ಇಂದು ನಾವು ವಾಸಿಸುವ ಮನೆಗಳ ರೂಪವನ್ನು ಬಹುಮಟ್ಟಿಗೆ ನಿರ್ಧರಿಸುತ್ತಿರುವುದು ಗಣಕಯಂತ್ರದ ವಿನ್ಯಾಸ ತಂತ್ರಾಂಶಗಳು. ಅವುಗಳ ಗುಣದೋಷಗಳನ್ನು ಎಂಜಿನಿಯರರೂ ವಾಸ್ತುಶಿಲ್ಪಿಗಳೂ ತಮ್ಮೊಳಗೆ ಚರ್ಚಿಸಿಕೊಳ್ಳುತ್ತಾರೆ. ಆ ಮನೆಗಳಲ್ಲಿ ಬಾಳಬೇಕಾದವರು ಚರ್ಚಿಸುವುದಿಲ್ಲ. ಈ ಕೊರತೆಯನ್ನು ಅಲ್ಪಸ್ವಲ್ಪವಾದರೂ ತುಂಬುವುದು ಈ ಲೇಖನದ ಉದ್ದೇಶ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ವಿಷಯ ಇನ್ನೊಂದು ಕಾರಣದಿಂದಲೂ ಮುಖ್ಯವಾದದ್ದು. ಮುಂಬಯಿಯ ಎರಡು ಕೋಣೆಗಳಲ್ಲಿ ಆಯುಷ್ಯ ಕಳೆದವರು ನಿವೃತ್ತಿಯ ಹಣದಿಂದ ಊರಿನಲ್ಲೊಂದು ಮನೆ ಕಟ್ಟಿಸುವುದು, ಅಥವಾ ವಯಸ್ಸಾದ ತಂದೆತಾಯಿಗಳಿರುವ ಹಳೆಯ ಮನೆಯನ್ನು ದುರಸ್ತಿ ಮಾಡಿಸುವುದು ನಮ್ಮ ಸಮಾಜದಲ್ಲಿ ಸಾಮಾನ್ಯ. ಹಿಂದೆ ಇಂಥ ಕೆಲಸಕ್ಕೆ ರಜೆ ಹಾಕಿ ಊರಿಗೆ ಹೋಗಿ, ಮೇಸ್ತ್ರಿಯೊಡನೆ ನಿವೇಶನದಲ್ಲಿ ನಿಂತು, ಬಿಸಿಲು ಎತ್ತಣಿಂದ ಬೀಳುತ್ತದೆ, ಮಳೆ ಯಾವ ಕಡೆಯಿಂದ ಹೊಡೆಯುತ್ತದೆ ಎಂಬುದನ್ನು ಮಾತಾಡಿ ನಿಶ್ಚಯಿಸಬೇಕಾಗಿತ್ತು. ಈಗ ಚಿತ್ರವೇ ನಮ್ಮಲ್ಲಿಗೆ ಬರುತ್ತದೆ. ಮೊಬೈಲಿನ ಪುಟ್ಟ ಪರದೆಯ ಮೇಲೆ ಮನೆಯ ಒಳಹೊರಗನ್ನೆಲ್ಲ ತಿರುಗಿಸಿ ನೋಡಿ, ಚೆನ್ನಾಗಿದೆ, ಮುಂದುವರಿಸಿ ಎಂದು ಒಪ್ಪಿಗೆ ಕೊಡುತ್ತೇವೆ. ಆ ಚಿತ್ರಗಳಲ್ಲಿ ನಮ್ಮ ಮನಸ್ಸನ್ನು ಬಹುಬೇಗ ಸೆಳೆಯುವುದು ನಡುಮನೆಯ ಮೇಲೆ ತೆರೆದ ಬೆಳಕಿಂಡಿ ಮತ್ತು ಅದರಿಂದ ಇಳಿದ ಹೊಂಬಣ್ಣದ ಬಿಸಿಲುಕೋಲು. ಆದ್ದರಿಂದ ತಂತ್ರಾಂಶಗಳ ಒಟ್ಟು ಸಾಮರ್ಥ್ಯವನ್ನು ಅಳೆಯುವ ಗೊಡವೆಗೆ ಹೋಗದೆ, ಈ ಬೆಳಕಿಂಡಿಯೊಂದನ್ನೇ ಒರೆಗಲ್ಲಾಗಿ ಹಿಡಿಯಬಯಸುತ್ತೇವೆ.

ಬೆಳಕಿಂಡಿ ಎಂಬ ನಮ್ಮ ಮಾತಿನಲ್ಲಿ ಎರಡು ಪದಗಳು ಬೆಸೆದುಕೊಂಡಿವೆ: ಬೆಳಕು ಮತ್ತು ಕಿಂಡಿ. ಕಿಂಡಿಯೆಂಬುದು ಛಾವಣಿಯಲ್ಲಿ ಕೊರೆದ ತೂತು. ಬೆಳಕೆಂಬುದು ಸೂರ್ಯ, ಆಕಾಶ, ಋತು, ಹೊತ್ತು, ಗೋಡೆಯ ಬಣ್ಣ ಇವೆಲ್ಲ ಕೂಡಿ ಆಗುವ ಘಟನೆ. ನಮ್ಮ ಮುಖ್ಯ ವಾದವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇಂದಿನ ವಿನ್ಯಾಸ ತಂತ್ರಾಂಶಗಳು ಕಿಂಡಿಯನ್ನು ಕೇಳುವ ಮೊದಲೇ ಕೊಡುತ್ತವೆ. ಬೆಳಕನ್ನು ಕೇಳಿದರೆ ಮಾತ್ರ ಹೇಳುತ್ತವೆ. ಕೇಳಬೇಕಾದವರು ಕೇಳದೆ ಹೋದಾಗ ಕಿಂಡಿ ಮಾತ್ರ ಉಳಿಯುತ್ತದೆ, ಅದರಿಂದ ಬೆಂಕಿಯಂಥ ಬಿಸಿಲೂ ಮಳೆಯ ನೀರೂ ಇಳಿಯುತ್ತವೆ.

ಈ ಸಾಧನಗಳ ಚರಿತ್ರೆ ದೀರ್ಘವಾದದ್ದೇನೂ ಅಲ್ಲ. ೧೯೬೩ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್ಲೆಂಡ್ ಎಂಬವರು 'ಸ್ಕೆಚ್‌ಪ್ಯಾಡ್' ರಚಿಸಿದಾಗ ಗಣಕದ ಪರದೆಯ ಮೇಲೆ ಗೆರೆ ಎಳೆಯುವುದೇ ವಿಸ್ಮಯವಾಗಿತ್ತು. ೧೯೮೨ರಲ್ಲಿ ಬಂದ 'ಆಟೊಕ್ಯಾಡ್' ನಕ್ಷೆಗಾರನ ಮೇಜನ್ನು ಯಂತ್ರಕ್ಕೆ ವರ್ಗಾಯಿಸಿತು. ಅದೇ ದಶಕದಲ್ಲಿ ಹಂಗೇರಿಯಲ್ಲಿ ಹುಟ್ಟಿದ 'ಆರ್ಕಿಕ್ಯಾಡ್', ಮುಂದೆ ೨೦೦೦ದಲ್ಲಿ ಬಂದ 'ರೆವಿಟ್' ಇವು ಇನ್ನೊಂದು ಹೆಜ್ಜೆ ಮುಂದಿಟ್ಟು, ಗೆರೆಯನ್ನು ಬಿಟ್ಟು ವಸ್ತುವನ್ನು ಹಿಡಿದವು. ಇಲ್ಲಿ ಗೋಡೆಯೆಂದರೆ ಎರಡು ಗೆರೆಗಳಲ್ಲ, ಎತ್ತರ, ದಪ್ಪ, ಪದರಗಳನ್ನೆಲ್ಲ ಬಲ್ಲ ಗೋಡೆಯೇ. ಅದೇ ೨೦೦೦ದಲ್ಲಿ ಬಂದ 'ಸ್ಕೆಚ್‌ಅಪ್' ಮಾತ್ರ ಇಷ್ಟೆಲ್ಲ ಶಿಸ್ತನ್ನು ಬೇಡದೆ, ಮಕ್ಕಳೂ ಕಲಿಯಬಲ್ಲಷ್ಟು ಸುಲಭವಾಗಿ ಮೂರು ಆಯಾಮದ ರೂಪಗಳನ್ನು ಕಟ್ಟಿಕೊಟ್ಟಿತು. ನಮ್ಮಲ್ಲಿಗೆ ಬರುವ ಚಿತ್ರಗಳಲ್ಲಿ ಅನೇಕವು ಇವುಗಳಲ್ಲೊಂದರಿಂದ ಹುಟ್ಟಿದವು.

ಮೊದಲು ಸ್ಕೆಚ್‌ಅಪ್ಪನ್ನು ನೋಡೋಣ. ಇಲ್ಲಿ ಇಳಿಜಾರು ಛಾವಣಿಯ ಮೇಲೆ ಒಂದು ಚೌಕ ಬರೆದು ಒಳಕ್ಕೆ ತಳ್ಳಿದರೆ ಕಿಂಡಿ ಸಿದ್ಧ. ಈ ಸರಳತೆ ಮೆಚ್ಚತಕ್ಕದ್ದೇ. ಆಲೋಚನೆ ಇನ್ನೂ ಹಸಿಯಾಗಿರುವಾಗ ಹತ್ತು ಬಗೆಯಲ್ಲಿ ಮಾಡಿ ನೋಡಲು ಇದಕ್ಕಿಂತ ಅನುಕೂಲವಾದ ಸಾಧನ ದುರ್ಲಭ. ಆದರೆ ಈ ತಂತ್ರಾಂಶದ ಲೋಕದಲ್ಲಿ ಎಲ್ಲವೂ ತೆಳುವಾದ ಮುಖಗಳು. ದಪ್ಪವೆಂಬುದನ್ನು ನಾವೇ ಕಟ್ಟಬೇಕು. ಸಿದ್ಧವಾಗಿ ದೊರೆಯುವ ಕಿಟಕಿಯನ್ನು ತಂದು ಛಾವಣಿಗೆ ಅಂಟಿಸಿದರೆ ಅದು ಸಾಮಾನ್ಯವಾಗಿ ತಾನು ಅಂಟಿದ ಒಂದು ಮುಖವನ್ನಷ್ಟೇ ಕತ್ತರಿಸುತ್ತದೆ. ಕೆಳಗಿನ ಮುಖ ಇಡಿಯಾಗಿಯೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಬೆಳಕಿಂಡಿ, ಒಳಗಿನಿಂದ ನೋಡಿದರೆ ಬರೀ ಛಾವಣಿ! ಅನುಭವವುಳ್ಳವರು ಇದನ್ನು ಸರಿಪಡಿಸಿಕೊಳ್ಳುತ್ತಾರೆ, ನಿಜ. ಆದರೂ ಛಾವಣಿಗೆ ದಪ್ಪವಿದೆ, ಬೆಳಕು ಆ ದಪ್ಪವನ್ನು ದಾಟಿ ಬರಬೇಕು ಎಂಬ ಮೂಲ ಪಾಠವನ್ನು ಈ ಸಾಧನ ಕಲಿಸುವುದಿಲ್ಲ.

ರೆವಿಟ್‌ನ ರೀತಿ ಬೇರೆ. ಅದು ಬೆಳಕಿಂಡಿಯನ್ನು ಕಿಟಕಿಯ ವರ್ಗಕ್ಕೆ ಸೇರಿಸಿ, ಛಾವಣಿಯನ್ನು ಅದರ ಆಶ್ರಯವೆಂದು ಭಾವಿಸುತ್ತದೆ. ಛಾವಣಿಯ ಇಳಿಜಾರು ಬದಲಾದರೆ ಬೆಳಕಿಂಡಿಯೂ ಅದರೊಡನೆ ವಾಲುತ್ತದೆ. ಕಿಟಕಿಗಳ ಪಟ್ಟಿ ಮಾಡಿದಾಗ ತಾನೂ ಲೆಕ್ಕಕ್ಕೆ ಸೇರುತ್ತದೆ. ಲೆಕ್ಕಪತ್ರದ ದೃಷ್ಟಿಯಿಂದ ಇದು ಒಪ್ಪುವ ವ್ಯವಸ್ಥೆ. ಆದರೆ ಛಾವಣಿಯ ಕೆಳಗೆ ಬೇರೆಯೇ ಒಂದು ಒಳಮಾಳಿಗೆಯಿದ್ದರೆ, ಮೇಲೆ ಬಿದ್ದ ತೂತಿನ ಸುದ್ದಿ ಅದಕ್ಕೆ ಮುಟ್ಟುವುದಿಲ್ಲ. ಒಳಮಾಳಿಗೆಯನ್ನು ಪ್ರತ್ಯೇಕವಾಗಿ ಕತ್ತರಿಸಿ, ಎರಡರ ನಡುವಣ ಗೋಡೆಗಳನ್ನು ಪ್ರತ್ಯೇಕವಾಗಿ ಕಟ್ಟಬೇಕು. ಇದೇ ತಂತ್ರಾಂಶದಲ್ಲಿ ಗಾಜಿನ ಇಳಿಜಾರನ್ನು ಛಾವಣಿಯ ಒಂದು ಬಗೆಯೆಂದೇ ಎಣಿಸಿ ರಚಿಸುವ ಇನ್ನೊಂದು ದಾರಿಯೂ ಇದೆ. ಹೀಗೆ ಬೆಳಕಿಂಡಿಯು ಛಾವಣಿಯೊಳಗೆ ಕೂರಿಸಿದ ಕಿಟಕಿಯೋ, ಅಥವಾ ಬೆಳಕು ದಾಟಬಲ್ಲ ಛಾವಣಿಯೋ ಎಂಬ ಪ್ರಶ್ನೆಗೆ ರೆವಿಟ್ ಎರಡು ಉತ್ತರಗಳನ್ನು ಇಟ್ಟುಕೊಂಡಿದೆ. ಪ್ರಶ್ನೆ ಪಂಡಿತರ ತರ್ಕದಂತೆ ಕಂಡರೂ ಅದು ಎಷ್ಟು ವಾಸ್ತವವಾದದ್ದೆಂಬುದನ್ನು ಮುಂದೆ ನೋಡಲಿದ್ದೇವೆ.

ಛಾವಣಿಯ ಗಾಜಿನಿಂದ ಒಳಮಾಳಿಗೆಯ ಅಂಚಿನವರೆಗೆ ಇರುವ ಆ ನಡುವಣ ಗೂಡನ್ನು ಬೆಳಕಿನ ಬಾವಿಯೆಂದು ಕರೆಯಬಹುದು. ಬೆಳಕಿಂಡಿಯ ಗುಣವೆಲ್ಲ ಈ ಬಾವಿಯಲ್ಲಿದೆ ಎಂದರೆ ಅತಿಶಯೋಕ್ತಿಯಾಗದು. ೬೦೦ ಮಿಲಿಮೀಟರ್ ಅಗಲದ ಕಿಂಡಿಗೆ ೬೦೦ ಮಿಲಿಮೀಟರ್ ಆಳದ ಬಾವಿಯಿದೆಯೆಂದು ಇಟ್ಟುಕೊಳ್ಳೋಣ. ಸೂರ್ಯ ನೆತ್ತಿಯ ಮೇಲಿದ್ದರೆ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಅವನು ೨೬ ಡಿಗ್ರಿಯಷ್ಟು ತಗ್ಗಿನಲ್ಲಿದ್ದರೆ, ಕಿಂಡಿಯನ್ನು ದಾಟಿದ ಕಿರಣ ಹೆಚ್ಚೆಂದರೆ ೩೦೦ ಮಿಲಿಮೀಟರ್ ಇಳಿಯುವುದರೊಳಗೆ ಬಾವಿಯ ಎದುರು ಗೋಡೆಗೆ ತಾಗಿ, ಅಲ್ಲಿಂದ ಚದುರಿ, ಮೆದುವಾಗಿ ಕೆಳಗಿಳಿಯುತ್ತದೆ. ಮೊದಲನೆಯದು ಉರಿ, ಎರಡನೆಯದು ಬೆಳಕು. ಗೋಡೆಗೆ ಸುಣ್ಣ ಬಳಿದಿದ್ದರೆ ಒಂದು ಫಲ, ಕಂದು ಮರ ಹೊದಿಸಿದ್ದರೆ ಇನ್ನೊಂದು. ಇಷ್ಟು ಮಹತ್ವವುಳ್ಳ ಬಾವಿಯನ್ನು ತಂತ್ರಾಂಶವು ವಿನ್ಯಾಸಕಾರನ ಹೆಚ್ಚಿನ ಕೆಲಸವೆಂದು ಬಿಟ್ಟುಬಿಡುವುದು, ಅವಸರದ ನಕ್ಷೆಗಳಲ್ಲಿ ಅದು ಇಲ್ಲವೇ ಇಲ್ಲದಿರುವುದು, ನಮ್ಮ ದೃಷ್ಟಿಯಲ್ಲಿ ದೊಡ್ಡ ದೋಷ.

ಈಗ ಸೂರ್ಯನ ವಿಷಯ. ಮೇಲೆ ಹೇಳಿದ ೨೬ ಡಿಗ್ರಿಯ ಲೆಕ್ಕವನ್ನು ನಾವು ಸುಮ್ಮನೆ ಆರಿಸಿಕೊಂಡದ್ದಲ್ಲ. ಸ್ಕೆಚ್‌ಅಪ್‌ನಲ್ಲಿ ಊರು ಯಾವುದೆಂದು ನಾವು ಸೂಚಿಸದಿದ್ದರೆ ಅದು ನಮ್ಮ ಮನೆ ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್ ಪಟ್ಟಣದಲ್ಲಿದೆಯೆಂದೇ ತಿಳಿದು ನೆರಳು ಬಿಡಿಸುತ್ತದೆ. ಬೌಲ್ಡರ್ ಇರುವುದು ೪೦ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ಏರುವುದು ಸುಮಾರು ೨೬ ಡಿಗ್ರಿ. ಜೂನ್ ತಿಂಗಳಲ್ಲಿಯೂ ೭೩ ಡಿಗ್ರಿ ದಾಟಿ ಹೆಚ್ಚು ಮೇಲೇರುವುದಿಲ್ಲ. ನೆತ್ತಿಯ ಮೇಲೆ ಅವನು ಬರುವ ದಿನವೇ ಅಲ್ಲಿಲ್ಲ. ೧೩ ಡಿಗ್ರಿಯಲ್ಲಿರುವ ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಡಿಸೆಂಬರಿನಲ್ಲಿಯೇ ಅವನು ೫೩ ಡಿಗ್ರಿಗೆ ಏರುತ್ತಾನೆ. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ ನೇರ ನೆತ್ತಿಗೆ ಬಂದು, ನೆಟ್ಟ ಕೋಲಿಗೆ ನೆರಳಿಲ್ಲದಂತೆ ಮಾಡುತ್ತಾನೆ. ಮುಂಬಯಿಯಲ್ಲಿ ಇದು ಮೇ ತಿಂಗಳ ನಡುವಿನಲ್ಲೂ ಜುಲೈ ಕೊನೆಯಲ್ಲೂ ನಡೆಯುತ್ತದೆ. ದೆಹಲಿ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವುದರಿಂದ ಅಲ್ಲಿ ಎಂದೂ ನಡೆಯುವುದಿಲ್ಲ. ನಾವು ವಾಸಿಸುವ ಊರುಗಳೊಳಗೇ ಇಷ್ಟು ಅಂತರವಿರುವಾಗ, ಬೌಲ್ಡರಿನ ಸೂರ್ಯನನ್ನು ನಂಬಿ ಹಾಸನದಲ್ಲಿ ಬೆಳಕಿಂಡಿ ತೆರೆಯುವುದು ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡು ಪತ್ರಿಕೆ ಓದಿದಂತೆ.

ಇದರ ಪರಿಣಾಮವೇನು? ಆಕಾಶ ಶುಭ್ರವಾಗಿದ್ದು ಸೂರ್ಯ ನೆತ್ತಿಯಲ್ಲಿದ್ದಾಗ ಸಮತಲದ ಒಂದು ಚದರ ಮೀಟರ್ ಮೇಲೆ ಬೀಳುವ ಶಕ್ತಿ ಸುಮಾರು ೧೦೦೦ ವಾಟ್. ಸಾದಾ ಗಾಜು ಅದರ ಬಹುಪಾಲನ್ನು ಒಳಗೆ ಬಿಡುತ್ತದೆ. ಅಂದರೆ ಮನೆಯ ನೆತ್ತಿಯ ಮೇಲಿನ ಒಂದು ಚದರ ಮೀಟರ್ ಗಾಜು ಮಧ್ಯಾಹ್ನದ ಹೊತ್ತು ಕೋಣೆಯೊಳಗೆ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಹೊತ್ತಿಸಿಟ್ಟಷ್ಟು ಕಾವು ಕೊಡುತ್ತದೆ. ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ ಭಾರತ ಸರಕಾರ ೨೦೧೭ರಲ್ಲಿ ಹೊರಡಿಸಿದ ಇಂಧನ ಸಂರಕ್ಷಣಾ ಸಂಹಿತೆ, ಬೆಳಕಿಂಡಿಗಳು ಸಾಮಾನ್ಯವಾಗಿ ಛಾವಣಿಯ ವಿಸ್ತಾರದ ಶೇಕಡಾ ೫ನ್ನು ಮೀರಕೂಡದೆಂದು ಮಿತಿ ಹಾಕಿದ್ದು ಸುಮ್ಮನಲ್ಲ. ಪರದೆಯ ಮೇಲಿನ ಚಿತ್ರಕ್ಕೆ ಮಾತ್ರ ಬೆವರುವುದು ತಿಳಿಯದು.

ಇನ್ನು ಚಿತ್ರದ ಬೆಳಕನ್ನೇ ಪರೀಕ್ಷಿಸೋಣ. ಸ್ಕೆಚ್‌ಅಪ್ ತಾನಾಗಿ ತೋರಿಸುವ ನೆರಳಿನ ಚಿತ್ರದಲ್ಲಿ ಸೂರ್ಯನ ದಿಕ್ಕು ಲೆಕ್ಕದ್ದು. ಆದರೆ ನೆರಳಿನ ಭಾಗ ಎಷ್ಟು ಕಪ್ಪಾಗಿರಬೇಕೆಂಬುದು ಒಂದು ಗುಂಡಿಯನ್ನು ಅತ್ತಿತ್ತ ಸರಿಸಿ ಹೊಂದಿಸಿದ್ದು. ನಮ್ಮ ಅಡಿಗೆಮನೆ ಕತ್ತಲೆಯೋ ಬೆಳಕೋ ಎಂಬುದು ಹೀಗೆ ಚಿತ್ರಗಾರನ ಇಚ್ಛೆಗೆ ಬಿಟ್ಟ ವಿಷಯವಾಯಿತು. ಬೇರೆ ತಂತ್ರಾಂಶಗಳ ಮೂಲಕ ಛಾಯಾಚಿತ್ರದಂತೆ ಮೆರುಗು ಕೊಟ್ಟ ಚಿತ್ರಗಳೂ ಸಂಪೂರ್ಣ ನಂಬತಕ್ಕವಲ್ಲ. ಕ್ಯಾಮರಾ ಮಂದ ಬೆಳಕಿನಲ್ಲಿ ಕಣ್ಣನ್ನು ಹೆಚ್ಚು ತೆರೆಯುವಂತೆ ಅವೂ ಮಬ್ಬು ಕೋಣೆಯನ್ನು ಬೆಳಗಿಸಿ ತೋರಿಸಬಲ್ಲವು. ಆ ಸುಂದರವಾದ ಬಿಸಿಲುಕೋಲಿನ ಮಾತಂತೂ ಕೇಳುವುದೇ ಬೇಡ. ಬೆಳಕಿನ ಕೋಲು ಕಣ್ಣಿಗೆ ಕಾಣಬೇಕಾದರೆ ಗಾಳಿಯಲ್ಲಿ ಹೊಗೆಯೋ ದೂಳೋ ಇರಬೇಕು. ನಮ್ಮ ಅಜ್ಜಿಯಂದಿರ ಅಡಿಗೆಮನೆಯಲ್ಲಿ ಅದು ಕಾಣುತ್ತಿದ್ದದ್ದು ಸೌದೆ ಒಲೆಯ ಹೊಗೆಯಿಂದ. ಆ ಹೊಗೆ ಅವರ ಕಣ್ಣನ್ನೂ ಎದೆಯನ್ನೂ ಸುಡುತ್ತಿತ್ತು. ಹೊಗೆಯಿಲ್ಲದ ಹೊಸ ಮನೆಯಲ್ಲಿ ಆ ಕೋಲನ್ನು ತೋರಿಸುವ ಚಿತ್ರ, ಇಲ್ಲದ ವಸ್ತುವನ್ನು ಮಾರುತ್ತಿದೆ.

ಇಷ್ಟು ದೋಷ ಹೇಳಿದ ಮೇಲೆ, ಗಣಕಯಂತ್ರವೇ ಬೆಳಕಿಗೆ ವೈರಿಯೆಂದು ಯಾರೂ ಭಾವಿಸಬಾರದು. ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ನಗರದಲ್ಲಿ ೧೯೭೨ರಲ್ಲಿ ತೆರೆದ ಕಿಂಬೆಲ್ ಕಲಾ ಸಂಗ್ರಹಾಲಯ ಇದಕ್ಕೆ ತಕ್ಕ ನಿದರ್ಶನ. ಅದರ ವಾಸ್ತುಶಿಲ್ಪಿ ಲೂಯಿ ಕಾನ್, ಅಹಮದಾಬಾದಿನ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಕಟ್ಟಡಗಳಿಂದ ನಮಗೂ ಪರಿಚಿತರು. ಕಿಂಬೆಲ್‌ನಲ್ಲಿ ಸುಮಾರು ೧೦೦ ಅಡಿ ಉದ್ದದ ಕಾಂಕ್ರೀಟ್ ಕಮಾನು ಛಾವಣಿಗಳ ಸಾಲಿದೆ. ಉರುಳುವ ಚಕ್ರದ ಅಂಚಿನ ಮೇಲಿನ ಬಿಂದು ಗಾಳಿಯಲ್ಲಿ ಬರೆಯುವ ವಕ್ರರೇಖೆಯೇ ಆ ಕಮಾನಿನ ಆಕಾರ. ಪ್ರತಿ ಕಮಾನಿನ ನೆತ್ತಿಯ ಉದ್ದಕ್ಕೂ ಒಂದು ಸೀಳು ಬೆಳಕಿಂಡಿ. ಟೆಕ್ಸಾಸಿನ ಕಡುಬಿಸಿಲು ಹಾಗೆಯೇ ಇಳಿದರೆ ಚಿತ್ರಗಳು ಕೆಡುತ್ತವೆ. ಆದ್ದರಿಂದ ಸೀಳಿನ ಕೆಳಗೆ ಸಣ್ಣ ರಂಧ್ರಗಳುಳ್ಳ ಅಲ್ಯೂಮಿನಿಯಂ ತಗಡನ್ನು ಹಕ್ಕಿಯ ರೆಕ್ಕೆಯಂತೆ ಬಾಗಿಸಿ ತೂಗುಹಾಕಿದರು. ಬಿಸಿಲು ಆ ತಗಡಿಗೆ ಬಡಿದು, ಹಿಂದಿರುಗಿ, ಕಾಂಕ್ರೀಟ್ ಕಮಾನಿನ ಒಳಮೈಯನ್ನು ಬೆಳ್ಳಿಯಂತೆ ಬೆಳಗಿ, ಆಮೇಲೆ ಕೋಣೆಗೆ ಇಳಿಯುತ್ತದೆ. ಬೆಳಕಿನ ತಜ್ಞ ರಿಚರ್ಡ್ ಕೆಲ್ಲಿಯವರ ಜೊತೆಗೂಡಿ ರೂಪಿಸಿದ ಆ ತಗಡಿನ ಬಾಗು ಎಷ್ಟಿರಬೇಕೆಂಬುದನ್ನು ಆ ಕಾಲದ ಗಣಕಯಂತ್ರದ ನೆರವಿನಿಂದಲೇ ಲೆಕ್ಕ ಹಾಕಲಾಯಿತು. ಅಂದಿನ ಯಂತ್ರಕ್ಕೆ ಇಂದಿನಂತೆ ಮನೆಯ ಚಿತ್ರ ಬಿಡಿಸಿ ಮೆರುಗು ಕೊಡುವುದು ಬರುತ್ತಿರಲಿಲ್ಲ. ಆದರೂ ಅದನ್ನು ಬೆಳಕಿನ ಬಗ್ಗೆ ಕೇಳಲಾಯಿತು, ಅದು ಉತ್ತರಿಸಿತು. ಇಂದಿನ ಯಂತ್ರ ಎಲ್ಲವನ್ನೂ ಬರೆಯಬಲ್ಲದು. ನಾವು ಕೇಳುವುದನ್ನು ಬಿಟ್ಟಿದ್ದೇವೆ.

ಕೇಳಲು ಸಾಧನಗಳಿಲ್ಲವೆಂದಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ೧೯೮೦ರ ದಶಕದಲ್ಲಿ ಗ್ರೆಗ್ ವಾರ್ಡ್ ಬೆಳೆಸಿದ 'ರೇಡಿಯನ್ಸ್' ಎಂಬ ತಂತ್ರಾಂಶ, ನೋಡುವ ಕಣ್ಣಿನಿಂದ ಹಿಂದಕ್ಕೆ ಕಿರಣಗಳನ್ನು ಅರಸುತ್ತ ಹೋಗಿ, ಮೇಜಿನ ಮೇಲೆ ಇಷ್ಟು ಹೊತ್ತಿಗೆ ಇಷ್ಟು ಬೆಳಕು ಬೀಳುತ್ತದೆಂದು ಅಂಕಿಯಲ್ಲಿ ಹೇಳುತ್ತದೆ. ಅದು ಉಚಿತವಾಗಿಯೇ ದೊರೆಯುತ್ತದೆ. ಭಾರತದ ಅನೇಕ ಊರುಗಳ ವರ್ಷವಿಡೀ ಬಿಸಿಲು ತಾಪಗಳ ದಾಖಲೆಗಳನ್ನು ಕೊಟ್ಟು ಲೆಕ್ಕ ಮಾಡಿಸುವ ಸೌಕರ್ಯವೂ ಇದೆ. ಬೆಳಕಿಂಡಿಗಳಿಗೆ ಹೆಸರಾದ ಡೆನ್ಮಾರ್ಕಿನ 'ವೆಲಕ್ಸ್' ಸಂಸ್ಥೆಯೂ ಬೆಳಕು ಅಳೆಯುವ ತಂತ್ರಾಂಶವೊಂದನ್ನು ಉಚಿತವಾಗಿ ಒದಗಿಸಿದೆ. ೧೯೪೧ರಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರೇ ಗಾಳಿ ಮತ್ತು ಬೆಳಕು ಎರಡನ್ನೂ ಸೂಚಿಸುವ ಪದಗಳಿಂದ ಕೂಡಿದ್ದೆಂಬುದು ಗಮನಾರ್ಹ. ನಮ್ಮಲ್ಲಿ ಬೆಳಕಿಂಡಿ ಹಾಕುವವರು ಗಾಳಿಯನ್ನು ಮರೆಯುವುದೇ ಹೆಚ್ಚು.

ಮರೆತದ್ದರ ಫಲವನ್ನು ಕಾಣಲು ನಮ್ಮ ಹಳೆಯ ತೊಟ್ಟಿಮನೆಗಳ ಇಂದಿನ ಸ್ಥಿತಿಯನ್ನು ನೋಡಿದರೆ ಸಾಕು. ತೊಟ್ಟಿಯ ಮೇಲೆ ಆಕಾಶ ತೆರೆದಿರುತ್ತಿತ್ತು. ಬೆಚ್ಚನೆಯ ಗಾಳಿ ಮೇಲೇರಿ ಹೋಗುತ್ತಿತ್ತು, ರಾತ್ರಿ ಮನೆ ತಣಿಯುತ್ತಿತ್ತು, ಮಳೆನೀರು ಅಂಗಳಕ್ಕೆ ಬಿದ್ದು ಮೋರಿ ಸೇರುತ್ತಿತ್ತು. ದುರಸ್ತಿಯ ಹೆಸರಿನಲ್ಲಿ ಈಗ ಅದಕ್ಕೆ ಗಾಜನ್ನೋ ಪಾಲಿಕಾರ್ಬೊನೇಟ್ ಹಾಳೆಯನ್ನೋ ಮುಚ್ಚುತ್ತಾರೆ. ತಂತ್ರಾಂಶದಲ್ಲಿ ಇದು ಎರಡು ನಿಮಿಷದ ಕೆಲಸ. ಪಾರದರ್ಶಕವೆಂಬ ಒಂದು ಗುಣ ಹಚ್ಚಿದರೆ ಚಿತ್ರದಲ್ಲಿ ಆಕಾಶ ಹಾಗೆಯೇ ಕಾಣುತ್ತದೆ. ಆದರೆ ಕಟ್ಟಿದ ಮನೆಯಲ್ಲಿ ಬಿಸಿಲು ಒಳಬರುತ್ತದೆ, ಬಿಸಿಗಾಳಿ ಹೊರಹೋಗುವುದಿಲ್ಲ. ಮುಚ್ಚಳವನ್ನು ಸುತ್ತಲೂ ಒಂದೆರಡು ಅಡಿ ಎತ್ತರಿಸಿ, ಬದಿಗಳಲ್ಲಿ ಗಾಳಿಗೆ ಜಾಲರಿ ಬಿಟ್ಟಿದ್ದರೆ ಈ ಕಷ್ಟ ಬಹಳಷ್ಟು ತಪ್ಪುತ್ತಿತ್ತು. ಚಿತ್ರ ನೋಡಿ ಒಪ್ಪಿದವರು ನೂರಾರು ಮೈಲಿ ದೂರದಲ್ಲಿದ್ದಾರೆ. ಆ ಕಾವಿನಲ್ಲಿ ಮಧ್ಯಾಹ್ನ ಕಳೆಯಬೇಕಾದವರು ಎಪ್ಪತ್ತು ದಾಟಿದ ಹಿರಿಯರು.

ಈ ವಿಷಯದಲ್ಲಿ ಕರಾವಳಿಯ ಗಾಜಿನ ಹೆಂಚಿನಿಂದ ಕಲಿಯುವುದು ಬಹಳಷ್ಟಿದೆ. ಬಾಸೆಲ್ ಮಿಶನ್ ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಒಂದೇ ಅಳತೆಯ ಹೆಂಚುಗಳು ನಮ್ಮ ಛಾವಣಿಗಳನ್ನು ತುಂಬಿದವು. ಅದೇ ಅಚ್ಚಿನ ಆಕಾರದ ಗಾಜಿನ ಹೆಂಚು, ಮಣ್ಣಿನ ಹೆಂಚುಗಳ ನಡುವೆ ಅವುಗಳಂತೆಯೇ ಒಂದರ ಮೇಲೊಂದು ಕೂತು ಬೆಳಕು ಕೊಡುತ್ತದೆ. ಅದಕ್ಕೆ ಬೇರೆ ಚೌಕಟ್ಟಿಲ್ಲ, ಸಂದಿಗೆ ಬಳಿಯುವ ಅಂಟಿಲ್ಲ. ವರ್ಷಕ್ಕೆ ೩೫೦೦ ಮಿಲಿಮೀಟರ್ ಮೀರಿ ಸುರಿಯುವ ಮಂಗಳೂರಿನ ಮಳೆಗೆ, ತಾನು ಹರಿಯುತ್ತಿರುವುದು ಮಣ್ಣಿನ ಮೇಲೋ ಗಾಜಿನ ಮೇಲೋ ಎಂಬ ಭೇದವೇ ತಿಳಿಯದು. ಇಲ್ಲಿ ಬೆಳಕಿಂಡಿ ಛಾವಣಿಗೆ ಚುಚ್ಚಿದ ಕಿಟಕಿಯಲ್ಲ, ಛಾವಣಿಯೇ. ರೆವಿಟ್‌ನ ಎರಡು ಉತ್ತರಗಳ ಮಾತು ಬಂದಾಗ ನಮ್ಮ ಮನಸ್ಸಿನಲ್ಲಿದ್ದದ್ದು ಇದೇ. ಕಾಂಕ್ರೀಟ್ ತಾರಸಿಯಲ್ಲಿ ಈ ಉಪಾಯ ನಡೆಯದು; ಅಲ್ಲಿ ಕಿಂಡಿಯ ಸುತ್ತ ಕನಿಷ್ಠ ೧೫೦ ಮಿಲಿಮೀಟರ್ ಎತ್ತರದ ಕಟ್ಟೆ ಬೇಕು, ಅದರ ಮೇಲೆ ಹಾಯುವ ತಗಡಿನ ಅಂಚು ಬೇಕು. ಪರದೆಯ ಬೆಳಕಿಂಡಿ ತಾರಸಿಗೆ ಸಮನಾಗಿ ನುಣ್ಣಗೆ ಕೂತಿದ್ದರೆ, ಅದನ್ನು ಬರೆದವರು ಆಷಾಢವನ್ನು ನೆನೆದಿಲ್ಲವೆಂದೇ ತಿಳಿಯಬೇಕು.

ಆಧುನಿಕ ವಾಸ್ತುವಿನಲ್ಲಿ ಇದು ಅಸಾಧ್ಯವೆನ್ನುವವರಿಗೆ ಬೆಂಗಳೂರಿನ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯೇ ಉತ್ತರ. ಬಾಲಕೃಷ್ಣ ದೋಶಿಯವರು ೧೯೭೦ರ ದಶಕದ ಕೊನೆಯಲ್ಲಿ ರೂಪಿಸಿದ ಅಲ್ಲಿನ ಕಲ್ಲುಗೋಡೆಯ ಎತ್ತರದ ಓಣಿಗಳು ಕೆಲವೆಡೆ ಬಯಲಿಗೆ ತೆರೆದಿವೆ, ಕೆಲವೆಡೆ ತೊಲೆಗಳ ಜಾಲರಿಯ ನೆರಳಿನಲ್ಲಿವೆ, ಕೆಲವೆಡೆ ಬೆಳಕಿಂಡಿಗಳ ಕೆಳಗಿವೆ. ಒಂದೇ ಓಣಿಯಲ್ಲಿ ನಡೆಯುತ್ತ ಬೆಳಕು ಬದಲಾಗುವುದನ್ನು ಕಾಣಬಹುದು. ಅಲ್ಲಿ ಬೆಳಕಿಗೆ ಆಳವಿದೆ, ಗಾಳಿಗೆ ದಾರಿಯಿದೆ. ಬೆಂಗಳೂರಿಗೆ ಹೋದಾಗ ಅನುಕೂಲವಾದರೆ ನೋಡತಕ್ಕ ಕಟ್ಟಡವಿದು.

ಒಟ್ಟಿನಲ್ಲಿ ಹೇಳುವುದಾದರೆ, ಈ ತಂತ್ರಾಂಶಗಳು ಚುರುಕಾದ ಗುಮಾಸ್ತರಂತೆ. ಅಪ್ಪಣೆಯಾದದ್ದನ್ನು ಅಚ್ಚುಕಟ್ಟಾಗಿ ಮಾಡುತ್ತವೆ, ಅಪ್ಪಣೆಯಾಗದ್ದನ್ನು ನೆನಪಿಸುವುದಿಲ್ಲ. ಆದ್ದರಿಂದ ನೆನಪಿಸುವ ಹೊಣೆ ಮನೆ ಕಟ್ಟಿಸುವವರ ಮೇಲೆಯೂ ಇದೆ. ಚಿತ್ರ ಬಂದಾಗ ಮೆಚ್ಚುವ ಮೊದಲು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಈ ನೆರಳು ಯಾವ ಊರಿನ ಸೂರ್ಯನದು? ಏಪ್ರಿಲಿನ ಮಧ್ಯಾಹ್ನ ಹನ್ನೆರಡೂವರೆಗೆ ಬಿಸಿಲು ಎಲ್ಲಿ ಬೀಳುತ್ತದೆ, ತೋರಿಸುತ್ತೀರಾ? ಗಾಜಿನಿಂದ ಒಳಮಾಳಿಗೆಯವರೆಗಿನ ಆಳವೆಷ್ಟು, ಅದರ ಗೋಡೆಗೆ ಯಾವ ಬಣ್ಣ? ಬಿಸಿಗಾಳಿ ಎಲ್ಲಿಂದ ಹೊರಹೋಗುತ್ತದೆ? ಸುತ್ತಣ ಕಟ್ಟೆಯೆಷ್ಟು ಎತ್ತರ? ಗಾಜನ್ನು ಒರೆಸಲು ಯಾರು, ಹೇಗೆ ಹತ್ತುತ್ತಾರೆ? ಬಲ್ಲ ವಿನ್ಯಾಸಕಾರರು ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ಅವರ ಯಂತ್ರದಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ, ಇಲ್ಲವಾದರೆ ಒಂದು ದಿನದಲ್ಲಿ ಸಿದ್ಧಪಡಿಸಬಹುದು. ಪರದೆಯ ಮೇಲೆ ಗೆರೆ ಅಳಿಸಲು ಖರ್ಚಿಲ್ಲ. ತಾರಸಿ ಹಾಕಿದ ಮೇಲೆ ಕಿಂಡಿಯನ್ನು ಸರಿಸಲು ಬರುವುದಿಲ್ಲ. ಈ ವರ್ಷ ಊರಿನಲ್ಲಿ ಮನೆಯ ಕೆಲಸ ಹಿಡಿಯುವ ನಮ್ಮ ಬಂಧುಗಳು ಇಷ್ಟನ್ನಾದರೂ ಕೇಳಿ ತಿಳಿದು ಮುಂದುವರಿಯಲೆಂದು ಆಶಿಸುತ್ತೇವೆ.